ಹೆಂಡತಿಗೂ ಹೇಳದ ಓಟಿಪಿ

ನಾನು ಯಾರಿಗೂ ಓಟಿಪಿ ಹೇಳುವವನಲ್ಲ. ಇದನ್ನು ಹಟ ಎನ್ನುವವರು ಎನ್ನಲಿ. ಅಜ್ಜಂಪುರದ ನಮ್ಮ ಬೀದಿಯಲ್ಲಿ ಯಾರ ಫೋನು ಟಿಣ್ ಎಂದರೂ ಜಗಲಿಯಿಂದಲೇ “ಯಾರ್ಗೂ ಹೇಳ್ಬೇಡ್ರೋ” ಎಂದು ಕೂಗಿ ಎಚ್ಚರಿಸುವ ಸಮಾಜಸೇವೆ ನನ್ನದು. ಇದಕ್ಕೆ ಸಂಬಳವಿಲ್ಲ, ಮರ್ಯಾದೆಯಂತೂ ಮೊದಲೇ ಇಲ್ಲ.

ಮೊನ್ನೆ ನನ್ನ ಹೆಂಡತಿ ಗಿರಿಜಾ ಹಲ್ಲು ಕೀಳಿಸಲು ಕಡೂರಿಗೆ ಹೋದಳು. ಹಿಂದೊಮ್ಮೆ ತರೀಕೆರೆಯ ಆಸ್ಪತ್ರೆಯಲ್ಲಿ ಯಾವುದೋ ಇಂಜೆಕ್ಷನ್ ಕೊಟ್ಟಾಗ ಅವಳ ಮುಖ ಊದಿ, ಉಸಿರು ಸಿಕ್ಕಿಕೊಂಡಿತ್ತು. ಆ ಔಷಧಿಯ ಹೆಸರು ನಮಗೆ ನೆನಪಿಲ್ಲ, ತರೀಕೆರೆಯ ಕಂಪ್ಯೂಟರಿಗೆ ನೆನಪಿದೆ. ಅದನ್ನು ನೋಡದೆ ಸೂಜಿ ಮುಟ್ಟುವುದಿಲ್ಲ ಎಂದರಂತೆ ಕಡೂರಿನ ಡಾಕ್ಟರು. ಈಗ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆ ಕೂತಲ್ಲೇ ತರಿಸಿಕೊಳ್ಳಬಹುದು, ರೋಗಿ ಒಪ್ಪಿ, ಆರೋಗ್ಯದ ಕಾರ್ಡಿನ ನಂಬರಿಗೆ ಬರುವ ಓಟಿಪಿ ಹೇಳಬೇಕು ಅಷ್ಟೆ. ಆದರೆ ಆ ಕಾರ್ಡು ಮಾಡಿಸಿದ ದಿನ ನಮ್ಮ ಬೀದಿಯ ಹೆಂಗಸರೆಲ್ಲ, ಕೈಯಲ್ಲಿ ಸ್ವಂತ ಫೋನಿದ್ದರೂ, ವಾಡಿಕೆಯಂತೆ ಗಂಡಂದಿರ ನಂಬರನ್ನೇ ಬರೆಸಿದ್ದರು. ಹಾಗಾಗಿ ಹಲ್ಲುನೋವು ಕಡೂರಿನಲ್ಲಿ, ಒಪ್ಪಿಗೆ ಅಜ್ಜಂಪುರದಲ್ಲಿ ನನ್ನ ಅಂಗಿಯ ಜೇಬಿನಲ್ಲಿ.

ಗಿರಿಜಾಳ ಫೋನಿನ ಕರೆನ್ಸಿ ಮುಗಿದಿತ್ತಂತೆ, ಆಸ್ಪತ್ರೆಯ ಫೋನಿನಿಂದ ಕರೆ ಬಂತು. “ರೀ, ನಾನು. ನಿಮ್ಗೊಂದು ನಂಬರ್ ಬಂದೈತೆ, ಹೇಳ್ರಿ.”

“ಗಿರಿಜಾನ ದನಿ ಹಿಂಗಿಲ್ಲ” ಎಂದೆ.

“ಕೆನ್ನೆ ಊದೈತೆ ಕಣ್ರೀ!”

“ಕಳ್ಳರೂ ಹಿಂಗೇ ನರಳ್ತಾರೆ. ನಮ್ಮ ಮದ್ವೇಲಿ ಏನಾಯ್ತು ಹೇಳು ನೋಡಣ.”

“ತಾಳಿ ಕಟ್ಟೋವಾಗ ನಿಮ್ ಕೈ ನಡುಗ್ತು, ನಿಮ್ಮಕ್ಕ ಬಂದು ಗಂಟು ಹಾಕಿದ್ರು. ಇಲ್ಲಿ ಎಲ್ರೂ ಕೇಳಿಸ್ಕೊಂತಾವ್ರೆ, ಇನ್ನೂ ಜೋರಾಗಿ ಹೇಳ್ಲಾ?”

“ಅದು ಮದ್ವೆಗೆ ಬಂದೋರ್ಗೆಲ್ಲ ಗೊತ್ತು” ಎಂದು ಫೋನಿಟ್ಟೆ. ತತ್ವ ಎಂದರೆ ತತ್ವ. ಬೀರೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಜೇಬನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಡೂರು ತಲುಪಿದೆ.

ಗಿರಿಜಾ ಕೆನ್ನೆ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಅವಳ ಮುಖ ನೋಡಿದ್ದೇ ಜೇಬಿನಿಂದ ಫೋನು ತೆಗೆದೆ. ಹೊಸದಾಗಿ ಬಂದ ಓಟಿಪಿಯನ್ನು ಫೋನಿನ ಸಮೇತ ಕೌಂಟರಿನ ಹುಡುಗಿಯ ಮುಂದಿಟ್ಟೆ, ಬಾಯಿಬಿಟ್ಟು ಮಾತ್ರ ಹೇಳಲಿಲ್ಲ. ದಾಖಲೆ ಬಂತು. ಡಾಕ್ಟರು ಓದಿ, “ಸದ್ಯ, ನಾನು ಕೊಡಬೇಕು ಅಂತಿದ್ದದ್ದು ಇದನ್ನೇ” ಎಂದು ಕೈಯಲ್ಲಿದ್ದ ಔಷಧಿಯನ್ನು ಪಕ್ಕಕ್ಕಿಟ್ಟರು. ನಾನು ಹೋಗಿ ಗಿರಿಜಾಳ ಪಕ್ಕ ಬೆಂಚಿನ ಮೇಲೆ ಕೂತೆ.

ಗಿರಿಜಾ ಎದ್ದು ಕೌಂಟರಿಗೆ ಹೋದಳು. “ನೋವು ನಂದು, ಮೈ ನಂದು. ಒಪ್ಗೆ ಇವ್ರ ಜೇಬಲ್ಲಿ ಯಾಕಿರ್ಬೇಕು? ನನ್ ನಂಬರ್ ಹಾಕಮ್ಮ” ಎಂದಳು. ಹುಡುಗಿ ಏನೋ ಒತ್ತಿದಳು. ನಂಬರು ಬದಲಾಯಿಸಲೂ ಹಳೆಯ ನಂಬರಿಗೇ ಓಟಿಪಿ ಬರುತ್ತದಂತೆ.

ನನ್ನ ಫೋನು ಟಿಣ್ ಎಂದಿತು. ಗಿರಿಜಾ ನನ್ನತ್ತ ತಿರುಗಿದಳು. ಇಡೀ ಹಾಲಿಗೆ ಕೇಳುವಂತೆ, ಒಂದೊಂದೇ ಅಂಕಿ ಬಿಡಿಸಿ, ಎರಡು ಸಲ ಹೇಳಿದೆ.