ವೀರಭದ್ರಪ್ಪನವರು ಲಿಫ್ಟ್ ಆರಿಸಿದ್ದು

ಎರಡನೇ ಶನಿವಾರ ಬೆಳಿಗ್ಗೆ ವೀರಭದ್ರಪ್ಪನವರು ತಮ್ಮ ಹಳೆಯ ಮೋಟಾರ್‌ಸೈಕಲ್ಲಿನ ಎಂಜಿನ್ ಆಯಿಲ್ ಇಳಿಸಲೆಂದು ಗ್ಯಾರೇಜಿನ ನೆಲದ ಮೇಲೆ ಪೇಪರ್ ಹಾಸಿಕೊಂಡು ಮಲಗಿದರು. ಮಲಗುವುದೇನೋ ಸಲೀಸಾಗಿ ಆಯಿತು. ಏಳುವುದು ಮಾತ್ರ ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಆಯಿಲ್ ಯಾರಿಗೂ ಕಾಯದೆ ಇಳಿದು ಅವರ ಬನಿಯನ್ನು ಸೇರಿತು.

ಕೂಗು ಕೇಳಿ ಓಡಿಬಂದವರು ಮೂವರು: ಹೆಂಡತಿ ವನಜಾ, ಪಕ್ಕದ ಮನೆಯ ನರಹರಿ ಮತ್ತು ಮಹಡಿಯಲ್ಲಿ ಬಾಡಿಗೆಗಿದ್ದ ಮಹೇಶಕುಮಾರ. ಮೂವರೂ ಸೇರಿ ಕಾಲು ಹಿಡಿದು ಅವರನ್ನು ಹೊರಗೆಳೆದರು.

"ತಿಂಗಳಿಗೊಮ್ಮೆ ನಿಮ್ಮನ್ನ ಹಿಂಗ ಎಳಿಯೂದ ಆಗೇತ್ರಿ," ಎಂದಳು ವನಜಾ. "ಗಾಡಿ ಗುಜರಿಗೆ ಹಾಕ್ರಿ. ಗ್ಯಾರೇಜ್ ನನಗ ಬಿಡ್ರಿ. ಸೋಮವಾರ ಮೇಸ್ತ್ರಿಗೆ ಬಾ ಅಂದೀನಿ."

ವನಜಾಳ ಜೋಳದ ರೊಟ್ಟಿಗೆ ಹೈದರಾಬಾದಿನ ಗಚ್ಚಿಬೌಲಿಯ ಆಫೀಸುಗಳಲ್ಲಿರುವ ಕನ್ನಡದ ಹುಡುಗರು ಸಾಲುಗಟ್ಟಿ ಆರ್ಡರ್ ಕೊಡುತ್ತಿದ್ದರು. ಆದರೆ ಅವಳ ಅಡುಗೆಮನೆಯ ಕಟ್ಟೆಯನ್ನು ಯಾರೋ ಎತ್ತರದ ಮನುಷ್ಯನ ಅಳತೆಗೆ ಕಟ್ಟಿದ್ದರು. ಅಲ್ಲಿ ನಿಂತು ತಟ್ಟಿದರೆ ಭುಜ ನೋವು, ನೆಲದಲ್ಲಿ ಕೂತು ತಟ್ಟಿದರೆ ಮಂಡಿ ನೋವು. ತನ್ನ ಎತ್ತರಕ್ಕೆ ಸರಿಯಾದ ಒಂದು ಕಟ್ಟೆಯನ್ನು ಗ್ಯಾರೇಜಿನಲ್ಲಿ ಕಟ್ಟಿಸಬೇಕೆಂದು ಅವಳು ವರ್ಷದಿಂದ ಹಟ ಹಿಡಿದಿದ್ದಳು.

ವೀರಭದ್ರಪ್ಪನವರಿಗೋ ಆ ಗ್ಯಾರೇಜೇ ಪ್ರಾಣ. ವಿಜಯಪುರದಿಂದ ಹೈದರಾಬಾದಿಗೆ ಬಂದು ರಕ್ಷಣಾ ಇಲಾಖೆಯ ಕಾರ್ಖಾನೆ ಸೇರಿದ ಹೊಸದರಲ್ಲಿ ಕೊಂಡ ಗಾಡಿ ಅದು. ಈಗ ಅದು ಓಡುವುದಕ್ಕಿಂತ ಸೋರುವುದೇ ಹೆಚ್ಚು. ಆದರೂ ದಿನಾ ಸಂಜೆ ಅದರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಾಗ ಮಾತ್ರ ಅವರಿಗೆ ಯಾರೂ ಕೊತ್ತಂಬರಿ ತನ್ನಿ ಅನ್ನುತ್ತಿರಲಿಲ್ಲ. ಆ ಜಾಗವೂ ಹೋದರೆ ಈ ಮನೆಯಲ್ಲಿ ತಮಗೆ ಅಂತ ಏನೂ ಉಳಿಯುವುದಿಲ್ಲ ಎಂದು ಅವರಿಗೆ ನಿಜವಾಗಿಯೂ ದಿಗಿಲಾಯಿತು.

"ಗಾಡಿ ಮ್ಯಾಲ ಎತ್ತೂ ಲಿಫ್ಟ್ ತರ್ತೀನಿ," ಎಂದು ಗೋಡೆಗೆ ಒರಗಿಕೊಂಡೇ ಘೋಷಿಸಿದರು. "ನಿಂತಕೊಂಡ ರಿಪೇರಿ ಮಾಡ್ತೀನಿ. ಇನ್ನ ನನ್ನ ಯಾರೂ ಎಳಿಯೂದು ಬ್ಯಾಡ."

ವನಜಾ ಒಂದು ಕ್ಷಣ ಯೋಚಿಸಿದಳು. "ಆತು. ಇವತ್ತ ಸಂಜಿತನಕ ಟೈಮ್ ಕೊಡ್ತೀನಿ. ಲಿಫ್ಟ್ ಸರಿಯಾಗಿ ಕೆಲಸ ಮಾಡಿದ್ರ ಗ್ಯಾರೇಜ್ ನಿಮಗ. ಇಲ್ಲಂದ್ರ ನನಗ."

ವೀರಭದ್ರಪ್ಪನವರು ಒಬ್ಬರೇ ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ನರಹರಿ ಆಗಲೇ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತಿದ್ದರು. ಅವರು ಅದೇ ಕಾರ್ಖಾನೆಯ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯಾಗಿದ್ದು ನೌಕರಿಯಿಂದಷ್ಟೇ, ಪರೀಕ್ಷೆಯಿಂದಲ್ಲ. ತೆಂಗಿನಕಾಯಿಯನ್ನು ಎಲ್ಲರೂ ಬಡಿದು ನೋಡಿಯೇ ಕೊಳ್ಳುತ್ತಾರೆ, ನರಹರಿ ಬದನೆಕಾಯಿಯನ್ನೂ ಬಡಿದು ನೋಡುತ್ತಿದ್ದರು. ಮೈಸೂರಿನ ಮಹೇಶಕುಮಾರನ ದಾರಿ ಬೇರೆ. ಅವನು ಬಟ್ಟೆಯ ಸೋಪು ಕೊಳ್ಳುವಾಗಲೂ ಫೋನಿನಲ್ಲಿ ಊರವರೆಲ್ಲರ ಅಭಿಪ್ರಾಯ ಓದುವವನು.

"ಅಳತೆ ಎಲ್ಲಾ ತಗೊಂಡಿದೀನಿ ಸರ್," ಎಂದ ಅವನು. "ಗ್ಯಾರೇಜಿನ ಉದ್ದ, ಅಗಲ, ಗಾಡಿಯ ಉದ್ದ, ಎತ್ತರ. ಲಿಫ್ಟ್ ಪೂರ್ತಿ ಎತ್ತಿದ್ರೂ ಗಾಡಿಗೂ ಅಟ್ಟಕ್ಕೂ ಬೇಕಾದಷ್ಟು ಜಾಗ ಇರುತ್ತೆ."

ರಾಣಿಗಂಜಿನ ಅಂಗಡಿಯಲ್ಲಿ ಮೂರು ಬಗೆಯ ಲಿಫ್ಟುಗಳಿದ್ದವು. "ತೀನೋ ಅಚ್ಛೇಚ್ ಹೈ ಸಾಬ್," ಎಂದು ಮೂರನ್ನೂ ಹೊಗಳಿ ಅಂಗಡಿಯವನು ಚಹಾ ತರಿಸಿದ. ಗಾಡಿಯ ಹೊಟ್ಟೆಯ ಕೆಳಗಿಟ್ಟು ಕೈಯಿಂದ ತಿರುವಿದರೆ ಕತ್ತರಿಯ ಹಾಗೆ ಬಿಚ್ಚಿಕೊಳ್ಳುವ ಪುಟ್ಟ ಜಾಕ್ ವೀರಭದ್ರಪ್ಪನವರ ಮನಸ್ಸಿಗೆ ಬಂತು. ಸಣ್ಣದು, ಸಸ್ತಾ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು.

ನರಹರಿ ಅದನ್ನು ಹಿಡಿದು ಅಲುಗಾಡಿಸಿದರು. "ಇದು ನಡಗತೈತಿ. ನಮ್ಮಲ್ಲಾಗಿದ್ರ ಗೇಟ್ ಒಳಗ ಬಿಡ್ತಿದ್ದಿಲ್ಲ."

ಎರಡನೆಯದು ಹಿಂದಿನ ಚಕ್ರಕ್ಕೆ ಸಿಕ್ಕಿಸುವ ಸ್ಟ್ಯಾಂಡು. "ಇದು ಹಿಂದಿನ ಚಕ್ರ ಒಂದನ್ನೇ, ಅದೂ ಒಂದು ಗೇಣು ಎತ್ತುತ್ತೆ ಸರ್," ಎಂದ ಮಹೇಶಕುಮಾರ. "ನಿಮ್ಮ ಸೊಂಟ ಮೊದಲಿನ ಹಾಗೇ ಬಗ್ಗಬೇಕು."

ಉಳಿದದ್ದು ಮೂರನೆಯದು. ಮಂಚದಷ್ಟು ಉದ್ದದ ಕಬ್ಬಿಣದ ಹಲಗೆ. ಗಾಡಿಯನ್ನು ಅದರ ಮೇಲೆ ಹತ್ತಿಸಿ, ಪೆಡಲನ್ನು ಕಾಲಿನಿಂದ ತುಳಿದರೆ ಇಡೀ ಹಲಗೆ ಮೇಲೇಳುತ್ತದೆ. ಅಂಗಡಿಯಲ್ಲಿ ಹತ್ತಿಸಿ ನೋಡಲು ಗಾಡಿ ಇಲ್ಲದ್ದರಿಂದ ನರಹರಿ ವೀರಭದ್ರಪ್ಪನವರನ್ನೇ ಅದರ ಮೇಲೆ ಅಂಗಾತ ಮಲಗಿಸಿ ಎತ್ತಿ ಇಳಿಸಿ ನೋಡಿದರು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಒಳಗೆ ಇಣುಕಿ, "ಇನ್ಕು ಕ್ಯಾ ಹುವಾ?" ಇವರಿಗೆ ಏನಾಯಿತು ಎಂದು ಮರುಗಿದರು. ಅಂಗಡಿಯವನು ತನ್ನ ಸೊಂಟ ಮುಟ್ಟಿ ತೋರಿಸಿ "ಕಮರ್," ಎಂದ. ಬಂದವರು ಬೇಗ ಗುಣವಾಗಲಿ ಎಂದು ಹರಸಿ ಹೋದರು. ಇಷ್ಟಾದ ಮೇಲೆ ಪುಟ್ಟ ಜಾಕ್ ಕೇಳುವ ಧೈರ್ಯ ವೀರಭದ್ರಪ್ಪನವರಿಗೆ ಉಳಿಯಲಿಲ್ಲ.

ಟ್ರಾಲಿ ಆಟೋದಲ್ಲಿ ಹಲಗೆ ಮನೆ ಸೇರುವಾಗ ಮಧ್ಯಾಹ್ನವಾಗಿತ್ತು. ಗಾಡಿಯನ್ನು ತಳ್ಳಿ ಅದರ ಮೇಲೆ ಹತ್ತಿಸಿ, ಮುಂದಿನ ಚಕ್ರ ಬಿಗಿದು, ಹಗ್ಗ ಕಟ್ಟಿದರು. ವೀರಭದ್ರಪ್ಪನವರು ಪೆಡಲಿಗೆ ಕಾಲು ಹಾಕಬೇಕು, ಅಷ್ಟರಲ್ಲಿ ನರಹರಿ ತಡೆದರು.

"ಲೋಡ್ ಟೆಸ್ಟ್ ಆಗಲಾರದ ಮಷೀನ್ ಮುಟ್ಟಬಾರದ್ರಿ. ಹೊರೂದಕ್ಕಿಂತ ಹೆಚ್ಚು ಹೊತ್ತು ತೋರಿಸಬೇಕು. ನಮ್ಮಲ್ಲಿ ಅದ ಪದ್ಧತಿ. ನೀವು ಗಾಡಿ ಮ್ಯಾಲ ಕೂಡ್ರಿ."

ವೀರಭದ್ರಪ್ಪನವರು ಕೂತರು. ಭಾರ ಸಾಲದೆಂದು ಹಿಂದೆ ನರಹರಿಯೂ ಕೂತರು. ಇನ್ನೂ ಸಾಲದೆಂದು ಮಹೇಶಕುಮಾರ ಒಳಗಿನಿಂದ ಒಂದು ಹಿಟ್ಟಿನ ಚೀಲ ಹೊತ್ತು ತಂದು ವೀರಭದ್ರಪ್ಪನವರ ತೊಡೆಯ ಮೇಲಿಟ್ಟ. ಆಮೇಲೆ ಪೆಡಲು ತುಳಿಯತೊಡಗಿದ.

ಹಲಗೆ ಗಂಭೀರವಾಗಿ ಮೇಲೆದ್ದಿತು. ನರಹರಿಯ ಮುಖ ಅರಳಿತು. "ನೋಡ್ರಿ, ಎಲ್ಲೂ ನಡಗವಲ್ದು. ಇನ್ನೂ ತುಳೀರಿ." ಇನ್ನೂ ತುಳಿದ. "ಈಗ ಆ ಸರಳು ತೂತಿನಾಗ ಹಾಕ್ರಿ. ಅದನ್ನ ಹಾಕಿದ್ರ ಏನಾದ್ರೂ ಹಲಗಿ ಕೆಳಗ ಬರೂದಿಲ್ಲ." ಮಹೇಶಕುಮಾರ ಸರಳು ತೂರಿಸಿ, ಒತ್ತಡ ಬಿಟ್ಟ. ಹಲಗೆ ಕಟಕ್ಕೆಂದು ಸರಳಿನ ಮೇಲೆ ಕುಳಿತುಕೊಂಡಿತು.

ಆಗಲೇ ವೀರಭದ್ರಪ್ಪನವರಿಗೆ ತಮ್ಮ ತಲೆ ಸಿಮೆಂಟಿನ ಅಟ್ಟಕ್ಕೆ ಒತ್ತಿಕೊಂಡಿರುವುದು ಗೊತ್ತಾದದ್ದು. ಮಹೇಶಕುಮಾರ ಅಳೆದದ್ದು ಗಾಡಿಯ ಎತ್ತರವನ್ನೇ ಹೊರತು ಅದರ ಮೇಲೆ ಕೂತವರದ್ದನ್ನಲ್ಲ.

"ಪಾಸ್ ಆತು," ಎಂದರು ನರಹರಿ, ಕತ್ತು ಸೊಟ್ಟ ಮಾಡಿಕೊಂಡು. "ಇಳಸ್ರಿ."

ಮಹೇಶಕುಮಾರ ಸರಳು ಹಿಡಿದು ಎಳೆದ. ಎರಡೂ ಕೈಯಲ್ಲಿ ಎಳೆದ. "ಬರ್ತಾ ಇಲ್ಲ ಸರ್. ಭಾರ ಎಲ್ಲಾ ಇದರ ಮೇಲೇ ಕೂತಿದೆ. ಇನ್ನೊಂದು ಚೂರು ಮೇಲೆತ್ತಿದ್ರೆ ಸಡಿಲ ಆಗುತ್ತೆ."

"ಮ್ಯಾಲ ಎಲ್ಲಿ ಎತ್ತತೀಯೋ? ಮ್ಯಾಲ ನನ್ನ ತಲಿ ಐತಿ," ಎಂದರು ವೀರಭದ್ರಪ್ಪನವರು.

"ಹಾಗಾದ್ರೆ ಒಬ್ಬರು ಇಳಿದುಬಿಡಿ."

"ಯಾರೂ ಅಲುಗಾಡಬ್ಯಾಡ್ರಿ," ಎಂದು ನರಹರಿ ವೀರಭದ್ರಪ್ಪನವರ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ತೂಕ ತಪ್ಪಿದ್ರ ಗಾಡಿ ಸಮೇತ ಮಗಚತೈತಿ." ಈಗಷ್ಟೇ ತಾವೇ ಪಾಸ್ ಮಾಡಿದ ಯಂತ್ರ ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ಮಹೇಶಕುಮಾರ ಫೋನ್ ತೆಗೆದು ವಿಡಿಯೋ ಹುಡುಕಿದ. ಮೊದಲು ಹೊಟ್ಟೆ ಕರಗಿಸುವ ಪುಡಿಯ ಜಾಹೀರಾತು ಬಂತು. ಮೇಲಿದ್ದ ಇಬ್ಬರೂ ಅದನ್ನು ಪೂರ್ತಿ ಕೇಳಬೇಕಾಯಿತು.

ಅಷ್ಟರಲ್ಲಿ ವನಜಾ ಬಂದಳು. "ನನ್ನ ಹಿಟ್ಟಿನ ಚೀಲ ಯಾರ ಒಯ್ದ್ರಿ? ಸಂಜಿಗೆ ಆರ್ಡರ್ ಐತಿ," ಎನ್ನುತ್ತ ಬಂದವಳು ತಲೆಯೆತ್ತಿ ನೋಡಿದಳು. ಅಟ್ಟದ ಕೆಳಗೆ ಚೀಲವನ್ನು ಕೂಸಿನ ಹಾಗೆ ಅಪ್ಪಿಕೊಂಡಿದ್ದ ಗಂಡ, ಗಂಡನ ಹೆಗಲ ಮೇಲೆ ಗದ್ದ ಊರಿದ್ದ ನರಹರಿ. ಮಹೇಶಕುಮಾರ ಆದದ್ದನ್ನೆಲ್ಲ ಹೇಳಿದ.

ವನಜಾ ಅವನನ್ನು ಸರಿಸಿ ಪೆಡಲಿನ ಹತ್ತಿರ ನಿಂತಳು. "ಏನ್ರಿ, ಗ್ಯಾರೇಜ್ ಬಗ್ಗೆ ಏನ್ ಮಾಡಿದ್ರಿ?"

"ಕೊಟ್ಟಬಿಡ್ರಿ ವೀರಭದ್ರಪ್ಪನವರ," ಎಂದರು ನರಹರಿ ಕಿವಿಯಲ್ಲಿ. "ನನಗ ಶುಗರ್ ಐತಿ. ಭಾಳ ಹೊತ್ತು ತಡಕೊಳ್ಳಾಕ ಆಗೂದಿಲ್ಲ."

"ಕೊಡೂದಿಲ್ಲ," ಎಂದರು ವೀರಭದ್ರಪ್ಪನವರು. ಅಟ್ಟಕ್ಕೆ ತಲೆಕೊಟ್ಟು, ಮುಖವೆಲ್ಲ ಹಿಟ್ಟಾಗಿದ್ದರೂ ದನಿ ಮಾತ್ರ ಗಟ್ಟಿಯಾಗಿತ್ತು. "ಲಿಫ್ಟ್ ಕೆಲಸ ಮಾಡೇತಿ. ನಾವು ಮ್ಯಾಲ ಅದೀವಲ್ಲ, ಅದ ಸಾಕ್ಷಿ. ಗ್ಯಾರೇಜ್ ನನ್ನದು."

"ಹಂಗಾದ್ರ ಇಬ್ರೂ ಬಗ್ಗ್ರಿ."

ನರಹರಿ ಬಗ್ಗಿದರು. ಅವರ ಭಾರಕ್ಕೆ ವೀರಭದ್ರಪ್ಪನವರೂ ಚೀಲದ ಮೇಲೆ ಬಗ್ಗಿದರು. ಲಟಕ್ಕೆಂದು ಸದ್ದಾಯಿತು. "ಇದಕ್ಕ ಸ್ವಲ್ಪ ಎಣ್ಣಿ ಬಿಡಬೇಕು ನೋಡ್ರಿ," ಎಂದರು ನರಹರಿ. ಸದ್ದು ಬಂದದ್ದು ಲಿಫ್ಟಿನಿಂದಲ್ಲ ಎಂದು ಹೇಳಲು ವೀರಭದ್ರಪ್ಪನವರ ಬಾಯಿಂದ ಉಸಿರು ಹೊರಡಲಿಲ್ಲ. ವನಜಾ ಒಂದೇ ಸಲ ಪೆಡಲು ತುಳಿದಳು, ಮಹೇಶಕುಮಾರ ಸರಳು ಎಳೆದ, ಹಲಗೆ ಮೆಲ್ಲಗೆ ಇಳಿಯತೊಡಗಿತು.

ಅರ್ಧಕ್ಕೆ ಬಂದಾಗ ವನಜಾ ಅದನ್ನು ನಿಲ್ಲಿಸಿದಳು. ಹಲಗೆಯ ಮೇಲೆ ಅಂಗೈ ಇಟ್ಟು ನೋಡಿದಳು. ಒಂದು ಚೂರು ಇಳಿಸಿದಳು, ಮತ್ತೆ ಒಂದು ಚೂರು ಎತ್ತಿದಳು, ಮತ್ತೆ ಅಂಗೈ ಇಟ್ಟಳು. ಮುಖದ ಮೇಲೆ ಏನೋ ಸಮಾಧಾನ ಹರಡಿತು. ಆಮೇಲೆ ಪೂರ್ತಿ ಇಳಿಸಿದಳು. ನರಹರಿ ಯಾರಿಗೂ ಹೇಳದೆ ತಮ್ಮ ಮನೆಯತ್ತ ಓಡಿದರು.

"ಗ್ಯಾರೇಜ್ ನೀವ ಇಟ್ಕೋರಿ," ಎಂದಳು ವನಜಾ.

ವೀರಭದ್ರಪ್ಪನವರು ತಪ್ಪಾಗಿ ಕೇಳಿಸಿತೇನೋ ಎಂದುಕೊಂಡರು. "ನಿನ್ನ ರೊಟ್ಟಿ ಕಟ್ಟಿ?"

"ಬ್ಯಾಡ. ಮೇಸ್ತ್ರಿಗೆ ಬರಬ್ಯಾಡ ಅಂತೀನಿ. ಇನ್ನ ಮ್ಯಾಲ ಗ್ಯಾರೇಜ್ ಸುದ್ದಿ ತಗಿಯೂದಿಲ್ಲ."

ವೀರಭದ್ರಪ್ಪನವರಿಗೆ ಸಂತೋಷದಲ್ಲಿ ಸೊಂಟದ ನೋವೇ ಮರೆತುಹೋಯಿತು. ಮದುವೆಯಾದಾಗಿನಿಂದ ಅವಳೊಡನೆ ವಾದದಲ್ಲಿ ಗೆದ್ದದ್ದು ಇದೇ ಮೊದಲು. "ಕೇಳಿಸ್ತಲ್ಲ ಮಹೇಶ? ನೀನ ಸಾಕ್ಷಿ," ಎಂದರು. ಒಳಗೆ ಹೋಗಿ ಮುಖದ ಹಿಟ್ಟು ತೊಳೆದರು, ಬೇರೆ ಬನಿಯನ್ನು ತೊಟ್ಟರು, ಇವತ್ತೇ ಗಾಡಿಯ ಕೆಲಸ ಮುಗಿಸಿಬಿಡೋಣವೆಂದು ನಟ್ಟು ತಿರುವುವ ಪಾನಾ ಹಿಡಿದುಕೊಂಡು ಹಿಂದಿರುಗಿದರು.

ಗಾಡಿ ನೆಲದ ಮೇಲೆ ನಿಂತಿತ್ತು. ಹಲಗೆ ಇರಲಿಲ್ಲ. ಅಡುಗೆಮನೆಯ ಹಿಂದಿನ ವರಾಂಡದಿಂದ ಟಪಟಪ ಸದ್ದು ಕೇಳಿಸುತ್ತಿತ್ತು. ಹೋಗಿ ನೋಡಿದರೆ, ವರಾಂಡದ ನಡುವೆ ಲಿಫ್ಟ್. ಒರೆಸಿ ಫಳಫಳ ಮಾಡಿದ್ದ ಹಲಗೆಯ ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಹಿಟ್ಟು ನಾದುವ ಕೊಣಮಗೆ. ವನಜಾ ನೆಟ್ಟಗೆ ನಿಂತು ರೊಟ್ಟಿ ತಟ್ಟುತ್ತಿದ್ದಳು. ಲಿಫ್ಟನ್ನು ಎಳೆದು ತಂದ ಮಹೇಶಕುಮಾರ ಮೂಲೆಯಲ್ಲಿ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದ. ಪಕ್ಕದಲ್ಲಿ ನರಹರಿ ಹಲಗೆಯನ್ನು ಬಡಿದು ನೋಡುತ್ತ, "ಅಕ್ಕಾರ, ಒಂದೀಟೂ ನಡಗವಲ್ದು," ಅನ್ನುತ್ತಿದ್ದರು.

"ವನಜಾ, ಇದು ನನ್ನ ಗಾಡಿ ಲಿಫ್ಟ್," ಎಂದರು ವೀರಭದ್ರಪ್ಪನವರು. "ಇದನ್ನ ತಗೊಂಡ್ರ ನಾ ರಿಪೇರಿ ಹೆಂಗ ಮಾಡ್ಲಿ?"

ವನಜಾ ಕಾಲಿನಿಂದ ಪೆಡಲು ಒತ್ತಿ ಹಲಗೆಯನ್ನು ಒಂದು ಚೂರು ಮೇಲೆತ್ತಿಕೊಂಡಳು.

"ಗ್ಯಾರೇಜ್ ಪೂರಾ ನಿಮಗ ಬಿಟ್ಟೀನಲ್ರಿ," ಎಂದಳು. "ಆರಾಮ ಕೈಕಾಲು ಚಾಚಿ ಮಲಕೊಂಡ ಮಾಡ್ರಿ."