ನಮ್ಮ ಪ್ರೆಸ್ಸಿನ ಟ್ರೇ ಮದ್ರಾಸಿಗೆ ಹೋದದ್ದು

ಇಪ್ಪತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದ ಮೇಲೆ ನನಗೆ ಒಂದು ವಿಷಯ ಮನವರಿಕೆಯಾಗಿದೆ. ಅಚ್ಚಾದದ್ದನ್ನು ಜನ ನಂಬುತ್ತಾರೆ, ಮಡಿಸಿ ಜೇಬಿಗಿಡುತ್ತಾರೆ, ಬೋಂಡ ಕಟ್ಟಿಕೊಳ್ಳುತ್ತಾರೆ. ಓದುವುದು ಮಾತ್ರ ಇಲ್ಲ. ಅಚ್ಚು ಹಾಕಿಸಿದವರಂತೂ ಖಂಡಿತ ಓದುವುದಿಲ್ಲ. ಹೀಗಾಗಿ ಪ್ರೆಸ್ಸಿನಲ್ಲಿದ್ದವನಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾದ ಪ್ರಮೇಯವೇ ಬರುವುದಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಕಡೂರಿನ ನಮ್ಮ ಪ್ರೆಸ್ಸಿನಲ್ಲಿ ಇದ್ದದ್ದು ಮೂರೇ ಜನ. ಒಬ್ಬರು ಯಜಮಾನರು. ಅವರ ಕೆಲಸ ಕುರ್ಚಿಯಲ್ಲಿ ಕೂರುವುದು. ಇನ್ನೊಬ್ಬ ನಾನು. ಮೊಳೆ ಜೋಡಿಸುವುದು, ಪ್ರೂಫ್ ತಿದ್ದುವುದು, ಇಂಗ್ಲಿಷ್ ಟೈಪಿಂಗ್ ಲೋಯರ್ ಪಾಸಾಗಿದ್ದ ತಪ್ಪಿಗೆ ಕಾಗದಪತ್ರ ಬರೆಯುವುದು ನನ್ನ ಪಾಲಿಗೆ. ಮೂರನೆಯವನು ಟ್ರೆಡಲ್ ಮೆಷಿನ್ ತುಳಿಯುವ ದೇವನೂರು ಕಡೆಯ ಮನುಷ್ಯ. ಅವನನ್ನು ಊರೆಲ್ಲ ಟ್ರೆಡಲ್ಲಣ್ಣ ಎನ್ನುತ್ತಿತ್ತು. ಕೆಲಸವೆಲ್ಲ ಅವನದೇ.

ಟ್ರೇ ಹುಟ್ಟಿದ್ದು

ಟ್ರೆಡಲ್ ಎಂದರೆ ಕಾಲಲ್ಲಿ ತುಳಿಯುತ್ತ ಇದ್ದಷ್ಟು ಹೊತ್ತು ಬಾಯಿ ತೆರೆದು ಮುಚ್ಚುವ ಮೆಷಿನ್ನು. ತೆರೆದಾಗ ಬಲಗೈಯಲ್ಲಿ ಕಾಗದ ಇಡಬೇಕು, ಮತ್ತೆ ತೆರೆದಾಗ ಎಡಗೈಯಲ್ಲಿ ತೆಗೆಯಬೇಕು. ಪಕ್ಕದ ಕಾಗದದ ರಾಶಿ ಕರಗಿದಂತೆಲ್ಲ ಕೈ ಕೆಳಗೆ ಕೆಳಗೆ ಹೋಗಬೇಕು. ಒಂದು ಕ್ಷಣ ತಡವಾದರೂ ಮೆಷಿನ್ನು ಕಾಯುವುದಿಲ್ಲ. ಒಂದು ಮದುವೆ ಸೀಸನ್ನಿನಲ್ಲಿ ಅದು ಟ್ರೆಡಲ್ಲಣ್ಣನ ಹೆಬ್ಬೆರಳಿನ ಉಗುರು ತಿಂದಿತು.

ಅವನು ಒಂದು ವಾರ ಬಟ್ಟೆ ಸುತ್ತಿದ ಬೆರಳು ಹಿಡಿದುಕೊಂಡು ಯೋಚನೆ ಮಾಡಿದ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಇಳಿಜಾರಾದ ಟ್ರೇ ಮಾಡಿದ. ಯಜಮಾನರ ಹಳೇ ಸೈಕಲ್ಲಿನ ಸೀಟು ಬಿಚ್ಚಿ ಅದರ ಸ್ಪ್ರಿಂಗುಗಳನ್ನು ಟ್ರೇ ಅಡಿಗೆ ಕೂರಿಸಿದ. ಕಾಗದದ ಭಾರ ಇಳಿದಂತೆ ಟ್ರೇ ತಾನೇ ಮೇಲೇರುತ್ತಿತ್ತು. ಮೇಲಿನ ಹಾಳೆ ಯಾವಾಗಲೂ ಕೈಗೆ ಸಿಗುವ ಎತ್ತರದಲ್ಲೇ ಇರುತ್ತಿತ್ತು. ತುದಿಯಲ್ಲಿ ಹಚ್ಚಿದ ಸೈಕಲ್ ಟ್ಯೂಬಿನ ಪಟ್ಟಿ ಎರಡು ಹಾಳೆ ಒಟ್ಟಿಗೆ ಬರದಂತೆ ತಡೆಯುತ್ತಿತ್ತು.

ಯಜಮಾನರು ನೋಡಿ, ಇದೇನು ಇಲಿ ಬೋನು ಎಂದು ಕೇಳಿದರು. ಒಂದು ತಿಂಗಳು ಕಳೆದ ಮೇಲೆ ಕೆಲಸ ದುಪ್ಪಟ್ಟು ಆಗುತ್ತಿರುವುದು ಕಂಡು, ಆಯುಧಪೂಜೆಗೆ ಗಿರಾಕಿಗಳಿಗೆ ಹಂಚಲು ಟ್ರೇ ಬಗ್ಗೆ ಒಂದು ಹ್ಯಾಂಡ್‌ಬಿಲ್ ಹೊಡೆಯೋಣ ಎಂದರು. ಚಿತ್ರಕ್ಕೆ ಬ್ಲಾಕ್ ಮಾಡಿಸಿಕೊಟ್ಟು, ಜೊತೆಗೆ ಏನಾದರೂ ನಾಲ್ಕು ಸಾಲು ನೀನೇ ಬರೆದು ಜೋಡಿಸು ಎಂದು ನನಗೆ ಹೇಳಿದರು. ಟ್ರೇ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಬರೆದೆ. ಕೊನೆಗೆ ಒಂದು ಸಾಲಿನಷ್ಟು ಜಾಗ ಉಳಿಯಿತು. ಅಲ್ಲಿ ಸಣ್ಣ ಮೊಳೆಯಲ್ಲಿ, ಈ ಟ್ರೇ ಕಂಡುಹಿಡಿದವರು ಎಂದು ಟ್ರೆಡಲ್ಲಣ್ಣನ ಪೂರ್ತಿ ಹೆಸರು, ಅವನ ಅಪ್ಪನ ಹೆಸರು, ಊರು ಹಾಕಿದೆ.

ಯಜಮಾನರು ಪ್ರೂಫ್ ತರಿಸಿಕೊಂಡು ತಮ್ಮ ಹೆಸರು ದಪ್ಪಕ್ಷರದಲ್ಲಿ ಇದೆಯೇ ಎಂದಷ್ಟೇ ನೋಡಿ ಸಹಿ ಹಾಕಿದರು. ಪ್ರೂಫ್ ಓದಬೇಕಾದದ್ದು ಹಾಗೆಯೇ ಎಂದು ನನಗೆ ಬುದ್ಧಿಯನ್ನೂ ಹೇಳಿದರು.

ಪಾಲು

ಎರಡು ವರ್ಷದ ಮೇಲೆ ಬೆಂಗಳೂರಿನಿಂದ ಕಾಗದ ಮಾರಲು ಬರುವ ಸೇಲ್ಸ್‌ಮನ್ ಒಬ್ಬ ಟ್ರೇ ನೋಡಿ, ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಯಾವನಾದರೂ ಹೊಡೆದುಕೊಂಡು ಹೋಗುತ್ತಾನೆ ಎಂದು ಕಿವಿಗೆ ಹಾಕಿ ಹೋದ. ಯಾವನೋ ಹೊಡೆದುಕೊಂಡು ಹೋಗುವ ಮೊದಲು ತಾವೇ ಹೊಡೆದುಕೊಳ್ಳುವುದು ವಾಸಿ ಎಂದು ಯಜಮಾನರಿಗೆ ಅನಿಸಿತು. ಮದ್ರಾಸಿನ ಕಚೇರಿಯಿಂದ ಫಾರಂ ತರಿಸಿದರು.

ಫಾರಮ್ಮಿನಲ್ಲಿ, ನಿಜವಾಗಿ ಮತ್ತು ಮೊದಲು ಕಂಡುಹಿಡಿದವರು ಯಾರು ಎಂಬ ಕಾಲಂ ಇತ್ತು. ಯಜಮಾನರು ತಮ್ಮ ಹೆಸರು ಟೈಪ್ ಮಾಡಲು ಹೇಳಿದರು. ಟ್ರೆಡಲ್ಲಣ್ಣ ಮೆಷಿನ್ನು ನಿಲ್ಲಿಸಿ ಹತ್ತಿರ ಬಂದ. ಮಗಳಿಗೆ ಲಕ್ಕವಳ್ಳಿ ಡ್ಯಾಮಿನ ನೌಕರರ ಮನೆಯಿಂದ ಸಂಬಂಧ ಬಂದಿತ್ತು. ಅವರು, ಹುಡುಗಿಯ ಅಪ್ಪ ಮೆಷಿನ್ ತುಳಿಯೋನಾ ಎಂದು ಮೂಗು ಮುರಿದು ಹೋಗಿದ್ದರು. ಆ ಮಾತು ಅವನ ಎದೆಯಲ್ಲಿ ಕೂತಿತ್ತು. ಸರ್ಕಾರದ ಕಾಗದದಲ್ಲಿ ಒಂದು ಕಡೆ ತನ್ನ ಹೆಸರೂ ಬಂದರೆ ಅವರಿಗೆ ತೋರಿಸಬಹುದು ಎಂದು ಕೇಳಿಕೊಂಡ.

"ಪ್ರೆಸ್ಸು ನಂದು, ತಗಡು ನಂದು, ಸ್ಪ್ರಿಂಗು ನನ್ನ ಸೈಕಲ್ಲಿಂದು," ಎಂದು ಯಜಮಾನರು ಬೆರಳು ಮಡಿಸಿದರು. "ಇದ್ರಲ್ಲಿ ನಿನ್ನ ಪಾಲು ಏನಿದೆ ಹೇಳಯ್ಯ."

ಟ್ರೆಡಲ್ಲಣ್ಣ ಸೊಟ್ಟಗೆ ಬೆಳೆದ ಹೆಬ್ಬೆರಳು ಎತ್ತಿ ತೋರಿಸಿದ. "ಉಗುರು ನಂದು ಯಜಮಾನ್ರೆ."

ಫಾರಮ್ಮಿನಲ್ಲಿ ಉಗುರಿಗೆ ಕಾಲಂ ಇರಲಿಲ್ಲ.

ಚಕ್ಕುಬಂದಿ

ಅರ್ಜಿಯ ಜೊತೆ ಟ್ರೇಯ ವಿವರಣೆ ಕಳಿಸಬೇಕಿತ್ತು. ನಾನು ಬರೆಯುತ್ತೇನೆ ಎಂದರೆ ಯಜಮಾನರು ಒಪ್ಪಲಿಲ್ಲ. ಹಕ್ಕಿನ ವಿಷಯ ಕಣಯ್ಯ, ತಿಳಿದವರೇ ಬರೀಬೇಕು ಎಂದು ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಕೂರುವ ಪತ್ರ ಬರಹಗಾರರಿಗೆ ವಹಿಸಿದರು. ಮೂವತ್ತು ವರ್ಷ ಜಮೀನಿನ ಕ್ರಯಪತ್ರ ಬರೆದು ಪಳಗಿದ ಕೈ. ಅವರು ಟ್ರೇಯನ್ನೂ ಬಿಡಲಿಲ್ಲ.

ಸದರಿ ಟ್ರೇಗೆ ಚಕ್ಕುಬಂದಿ: ಪೂರ್ವಕ್ಕೆ ಮಸಿ ತಟ್ಟೆ, ಪಶ್ಚಿಮಕ್ಕೆ ಯಜಮಾನರ ಕುರ್ಚಿ, ಉತ್ತರಕ್ಕೆ ಕಾಗದದ ರಾಶಿ, ದಕ್ಷಿಣಕ್ಕೆ ಗೋಡೆ. ಈ ಮಧ್ಯೆ ಇರುವ ಸ್ವತ್ತು, ಅದರಲ್ಲಿರುವ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತ, ಅರ್ಜಿದಾರರು ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸತಕ್ಕದ್ದು. ಇದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಲು ನನಗೆ ಮೂರು ದಿನ ಹಿಡಿಯಿತು.

ಮದ್ರಾಸಿನ ಪರೀಕ್ಷಕರು ಬಹಳ ಸಭ್ಯರು. ಟ್ರೇ ಯಾವ ದಿಕ್ಕಿಗಿದೆ ಎಂಬುದು ಬೇಕಿಲ್ಲ, ಅದರಲ್ಲಿ ಹೊಸದೇನಿದೆ ಎಂದು ಹೇಳಿ ಎಂದು ಉತ್ತರ ಬರೆದರು. ಟ್ರೇ ಅಡಿಯಲ್ಲಿ ನಿಧಿ ಸಿಕ್ಕಿದಲ್ಲಿ ಅದರ ವಿಚಾರಣೆ ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಸೇರಿಸಿದ್ದರು. ಪತ್ರ ಬರಹಗಾರರು ಅದನ್ನು ಓದಿಸಿ ಕೇಳಿ ತಲೆಯಾಡಿಸಿದರು. ನಿಧಿ ಒಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ತಕರಾರಿಲ್ಲ ಅಂತಾಯ್ತಲ್ಲ, ಕೇಸು ನಮ್ಮ ಕಡೆಗಿದೆ ಎಂದರು.

ಏಳನೇ ಭಾಗ

ಟ್ರೇಯ ಚಿತ್ರವೂ ಬೇಕಿತ್ತು, ಅದರ ಭಾಗಗಳಿಗೆ ನಂಬರು ಹಾಕಿರಬೇಕು ಎಂಬ ನಿಯಮ ಇತ್ತು. ಯಜಮಾನರು ಅಜ್ಜಂಪುರದಿಂದ ಬೋರ್ಡು ಬರೆಯುವ ಆರ್ಟಿಸ್ಟನನ್ನು ಕರೆಸಿದರು. ಅವನು ಲಾರಿಗಳ ಹಿಂದೆ ಹಂಸ, ಕಮಲ ಬರೆಯುವುದರಲ್ಲಿ ಹೆಸರುವಾಸಿ. ಖಾಲಿ ಜಾಗ ಬಿಡುವುದು ಗಿರಾಕಿಗೆ ಮೋಸ ಎಂಬುದು ಅವನ ಸಿದ್ಧಾಂತ. ಟ್ರೇಯ ಎರಡೂ ಕಡೆ ಗಿಳಿ ಕೂರಿಸಿದ. ಆಮೇಲೂ ಜಾಗ ಉಳಿದದ್ದರಿಂದ ಪಕ್ಕದಲ್ಲಿ ಕುರ್ಚಿ ಹಾಕಿ, ಪೇಟ ಸುತ್ತಿದ ಯಜಮಾನರನ್ನೇ ಬರೆದ. ಯಜಮಾನರಿಗೆ ಬಹಳ ಸಂತೋಷವಾಯಿತು. ಎಲ್ಲಕ್ಕೂ ನಂಬರು ಹಾಕು ಎಂದು ಹೇಳಿದ್ದರಿಂದ ಅವನು ಎಲ್ಲಕ್ಕೂ ಹಾಕಿದ.

ಮೂರು ತಿಂಗಳಿಗೆ ಉತ್ತರ ಬಂತು. ಗಿಳಿಗಳ ವಿಚಾರ ಅವರು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಮುಂದಿನದನ್ನು ನಾನು ಗಟ್ಟಿಯಾಗಿ ಓದಿದೆ. ಚಿತ್ರದಲ್ಲಿ ಏಳನೇ ನಂಬರಿನಿಂದ ಗುರುತಿಸಿರುವ, ಕುರ್ಚಿಯಲ್ಲಿ ಕೂತಿರುವ ಭಾಗದ ಬಗ್ಗೆ ವಿವರಣೆಯಲ್ಲಿ ಏನೂ ಹೇಳಿಲ್ಲ. ಕಾಗದ ಒದಗಿಸುವ ಕೆಲಸದಲ್ಲಿ ಸದರಿ ಭಾಗದ ಪಾತ್ರವೇನು ಎಂದು ತಿಳಿಸತಕ್ಕದ್ದು.

ಯಜಮಾನರು ನನ್ನ ಮುಖ ನೋಡಿದರು, ನಾನು ಪತ್ರ ನೋಡಿದೆ. ಟ್ರೆಡಲ್ಲಣ್ಣ ತುಳಿಯುವುದನ್ನು ನಿಲ್ಲಿಸದೆಯೇ, "ಹದಿನೆಂಟು ವರ್ಷದಿಂದ ನಂಗೂ ಗೊತ್ತಾಗಿಲ್ಲ ಕಣಪ್ಪ, ಗೊತ್ತಾದ್ರೆ ನಂಗೂ ಒಂದು ಕಾಪಿ ಕೊಡು," ಎಂದ.

ಗುಟ್ಟು

ಇಷ್ಟರಲ್ಲಿ ತರೀಕೆರೆಯ ಪ್ರೆಸ್ಸಿನವರು ಟ್ರೇ ಕದಿಯಲು ಹೊಂಚು ಹಾಕಿದ್ದಾರೆ ಎಂದು ಯಜಮಾನರಿಗೆ ಅನುಮಾನ ಶುರುವಾಯಿತು. ಯಾರು ಒಳಗೆ ಬಂದರೂ ಟ್ರೇ ಮೇಲೆ ಕಂಬಳಿ ಹೊದಿಸಬೇಕು ಎಂದು ಆಜ್ಞೆ ಮಾಡಿದರು. ಕಂಬಳಿ ಅಡಿಯಿಂದ ಕಾಗದ ತಡಕಾಡಿ ತೆಗೆಯುವಾಗ ಟ್ರೆಡಲ್ಲಣ್ಣನ ಇನ್ನೊಂದು ಉಗುರು ಹೋಯಿತು. ಬೆರಳು ಉಳಿಸಲು ಹುಟ್ಟಿದ ಟ್ರೇ, ಬೆರಳು ತೆಗೆಯುವುದಕ್ಕೂ ಆಗುತ್ತದೆ ಎಂದು ಅವತ್ತು ಗೊತ್ತಾಯಿತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಆ ವಾರವೇ ಯಜಮಾನರು, ಟ್ರೇ ಗುಟ್ಟು ಅವರಿಗೆ ಎಷ್ಟು ಗೊತ್ತಾಗಿದೆ ಪತ್ತೆಹಚ್ಚಿ ಬಾ ಎಂದು ನನ್ನನ್ನು ತರೀಕೆರೆಗೆ ಕಳಿಸಿದರು. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಖಾರಾಬೂಂದಿ ಕೇಳಿದೆ. ಪೊಟ್ಟಣ ಬಿಚ್ಚಿದರೆ ನಮ್ಮದೇ ಹ್ಯಾಂಡ್‌ಬಿಲ್ಲು, ಟ್ರೇ ಚಿತ್ರ ಸಮೇತ. ಹೋಟೆಲಿನವರು ಹೇಳಿದರು: "ನಿಮ್ಮೂರಿಂದ ಎರಡು ವರ್ಷದ ಹಿಂದೆ ಕಟ್ಟುಗಟ್ಲೆ ಬಂದಿದ್ವು ಕಣ್ರೀ. ಒಳ್ಳೇ ಕಾಗದ, ಎಣ್ಣೆ ಹೀರಲ್ಲ."

ಹಳೇ ದಾಖಲೆ

ಹೊಸದೇನಿದೆ ಎಂದು ಮದ್ರಾಸಿನವರು ಮತ್ತೆ ಕೇಳಿದರು. ಇಲ್ಲಿ ನಮ್ಮವರ ಬುದ್ಧಿ ಸ್ವಲ್ಪ ಹೇಳಬೇಕು. ತಾಲ್ಲೂಕು ಕಚೇರಿಯಲ್ಲಿ ಖಾತೆ, ಪಹಣಿ ಎಂದು ಅಲೆದವರಿಗೆ ಒಂದೇ ನ್ಯಾಯ ಗೊತ್ತು. ಯಾರ ಕಾಗದ ಹಳೆಯದೋ ಅವರದು ಗೆಲುವು. ತಾತನ ಕಾಲದ ಕಾಗದ ತಂದವನ ಮುಂದೆ ಅಪ್ಪನ ಕಾಲದ ಕಾಗದ ತಂದವನು ಬಾಯಿ ಮುಚ್ಚಿಕೊಳ್ಳಬೇಕು. ಪೇಟೆಂಟಿನಲ್ಲಿ ನ್ಯಾಯ ತಿರುಗುಮುರುಗು. ಅರ್ಜಿ ಹಾಕುವ ಮೊದಲೇ ವಿಷಯ ಎಲ್ಲಾದರೂ ಅಚ್ಚಾಗಿದ್ದರೆ ಅದು ಹೊಸದಲ್ಲ, ಹಕ್ಕೂ ಇಲ್ಲ. ಅವರು ಕಳಿಸಿದ ನಿಯಮದ ಪುಸ್ತಕದಲ್ಲಿ ಇದು ಸ್ಪಷ್ಟವಾಗಿತ್ತು. ನಾನು ಓದಿ ಹೇಳಿದೆ. ಯಜಮಾನರು ನಕ್ಕರು.

"ಹಳೇ ದಾಖಲೆ ಇದ್ರೆ ಸೋಲ್ತಾರೇನಯ್ಯ? ಯಾವ ಅಮಲ್ದಾರ್ ಕಚೇರೀಲಿ ಕಂಡಿದ್ದೀಯ?"

ಬೀರು ತೆಗೆದು, ಎರಡು ವರ್ಷದ ಹಿಂದಿನ ತಾರೀಖು ಇದ್ದ ಆಯುಧಪೂಜೆಯ ಹ್ಯಾಂಡ್‌ಬಿಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬಲವಾದ ಸಾಕ್ಷಿ ಎಂದು ಮದ್ರಾಸಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರು. ಕನ್ನಡ ನಮಗೆ ತಿಳಿಯದು, ಒಂದಕ್ಷರ ಬಿಡದೆ ಇಂಗ್ಲಿಷ್ ಅನುವಾದ ಕಳಿಸಿ ಎಂದು ಅವರು ಕೇಳಿದರು.

ಟೈಪ್ ಮಾಡುತ್ತ ಮಾಡುತ್ತ ಕೊನೆಯ ಸಣ್ಣ ಮೊಳೆಯ ಸಾಲಿಗೆ ಬಂದೆ. ಕೈ ನಿಂತಿತು. ಬಿಟ್ಟರೆ ಕೇಳುವವರಿಲ್ಲ, ಹಾಕಿದರೆ ನನ್ನ ಕೆಲಸ ಹೋಗಬಹುದು. ಆಚೆ ಟ್ರೆಡಲ್ಲಣ್ಣ ಕಂಬಳಿ ಅಡಿಗೆ ಕೈ ಹಾಕಿ ಕಾಗದ ಹುಡುಕುತ್ತಿದ್ದ. ಒಂದಕ್ಷರವನ್ನೂ ಬಿಡದೆ ಟೈಪ್ ಮಾಡಿದೆ. ಭಯದಿಂದಲೇ ಸಹಿಗೆ ಇಟ್ಟೆ. ಯಜಮಾನರು ತಮ್ಮ ಹೆಸರು ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಇದೆಯೇ ಎಂದು ನೋಡಿ, ಇದು ಯಥಾವತ್ತಾದ ಅನುವಾದ ಎಂದು ಸಹಿ ಹಾಕಿದರು.

ಕೊನೆಯ ಪತ್ರ

ಪತ್ರ ಬಂದ ದಿನ ಯಜಮಾನರು ಪತ್ರ ಬರಹಗಾರರನ್ನೂ ಕರೆಸಿಕೊಂಡು ಕೂತಿದ್ದರು. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲನೆಯದು: ಅರ್ಜಿ ಹಾಕುವ ಎರಡು ವರ್ಷದ ಮೊದಲೇ ಅರ್ಜಿದಾರರು ಸ್ವತಃ ಟ್ರೇಯ ವಿವರವನ್ನೆಲ್ಲ ಅಚ್ಚು ಹಾಕಿ ಹಂಚಿರುವುದನ್ನು ತಾವೇ ರುಜುವಾತು ಮಾಡಿರುವುದರಿಂದ ಇದು ಹೊಸದಲ್ಲ, ಅರ್ಜಿ ನಿಲ್ಲುವುದಿಲ್ಲ. ಎರಡನೆಯದು: ಅದೇ ದಾಖಲೆಯ ಪ್ರಕಾರ ಟ್ರೇ ಕಂಡುಹಿಡಿದವರು ಅರ್ಜಿದಾರರಲ್ಲ. ಆಮೇಲೆ ದೇವನೂರಿನ ಒಬ್ಬರ ಪೂರ್ತಿ ಹೆಸರು, ತಂದೆಯ ಹೆಸರು ಸಮೇತ.

"ಯಾರಯ್ಯ ಇವನು?" ಎಂದರು ಯಜಮಾನರು. ಹದಿನೆಂಟು ವರ್ಷದಲ್ಲಿ ಅವರು ಆ ಹೆಸರು ಕೇಳಿಯೇ ಇರಲಿಲ್ಲ.

ಟ್ರೆಡಲ್ಲಣ್ಣ ಮೆಷಿನ್ನು ನಿಲ್ಲಿಸಿದ. ಮೆಲ್ಲಗೆ, "ಅದು ನಾನೇ ಯಜಮಾನ್ರೆ," ಎಂದ.

ಯಜಮಾನರು ಕನ್ನಡಕ ಹಾಕಿಕೊಂಡು ಹ್ಯಾಂಡ್‌ಬಿಲ್ಲನ್ನು ಮೊದಲ ಸಲ ಕೊನೆಯತನಕ ಓದಿದರು. ಈ ಸಾಲು ಹಾಕಿದ್ದು ಯಾರು ಎಂದು ನನ್ನ ಮೇಲೆ ಕಣ್ಣು ಕೆಂಪಗೆ ಮಾಡಿದರು. ನಾನು ಪ್ರೂಫ್ ಫೈಲು ತೆಗೆದು ಅವರ ಸಹಿ ತೋರಿಸಿದೆ. ಅನುವಾದದ ಕಾಪಿ ತೆಗೆದು ಅಲ್ಲಿಯ ಸಹಿಯನ್ನೂ ತೋರಿಸಿದೆ. ಪತ್ರ ಬರಹಗಾರರು ಎರಡೂ ಸಹಿ ತಾಳೆ ನೋಡಿ, ಒಂದೇ ಕೈ, ಅನುಮಾನವೇ ಇಲ್ಲ ಎಂದು ಅಭಿಪ್ರಾಯ ಕೊಟ್ಟರು. ಅವತ್ತು ನನ್ನ ಕೆಲಸ ಉಳಿದದ್ದು ಆ ಎರಡು ಸಹಿಗಳಿಂದ. ಕಂಬಳಿ ಕೂಡ ಅವತ್ತೇ ಮನೆಗೆ ಹೋಯಿತು.

ಟ್ರೆಡಲ್ಲಣ್ಣ ಆ ಪತ್ರವನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು ಲಕ್ಕವಳ್ಳಿಗೆ ಹೋಗಿ ಬಂದ. ಸಂಬಂಧ ಕೂಡಿ ಬಂತು. ಲಗ್ನಪತ್ರಿಕೆ ನಮ್ಮ ಪ್ರೆಸ್ಸಿನಲ್ಲೇ, ತನ್ನದೇ ಟ್ರೇಯಿಂದ ಹಾಳೆ ತೆಗೆದು ಅಚ್ಚಾಗಬೇಕು ಎಂದ. ಒಕ್ಕಣೆ ಅವನೇ ಹೇಳಿದ, ನಾನು ಜೋಡಿಸಿದೆ. ಹುಡುಗಿಯ ತಂದೆಯ ಹೆಸರಿನ ಕೆಳಗೆ ಹೀಗಿತ್ತು: ಭಾರತ ಸರ್ಕಾರದಿಂದ ತಿರಸ್ಕೃತವಾದ ಟ್ರೇಯ ನಿಜವಾದ ಮತ್ತು ಮೊದಲ ಸಂಶೋಧಕರು.

ಈ ಸಲ ಯಜಮಾನರು ಪ್ರೂಫನ್ನು ಮೂರು ಸಲ ಓದಿದರು. ಸಹಿ ಹಾಕುವ ಮೊದಲು ಟ್ರೆಡಲ್ಲಣ್ಣನನ್ನು ಹತ್ತಿರ ಕರೆದು, ದನಿ ತಗ್ಗಿಸಿ, ಶುಭಕಾರ್ಯದಲ್ಲಿ ಆ ತಿರಸ್ಕೃತ ಅನ್ನೋ ಮಾತೊಂದು ತೆಗೀಬಹುದಲ್ವ ಎಂದು ಕೇಳಿದರು.

"ಇರ್ಲಿ ಬಿಡಿ ಯಜಮಾನ್ರೆ," ಎಂದ ಟ್ರೆಡಲ್ಲಣ್ಣ. "ಅದು ನಿಮ್ಮ ಪಾಲು."