ಕನ್ನಡಕದವನು ಕಟ್ಟಿದ ಬೀದಿ

ಇಷ್ಟು ರಾದ್ಧಾಂತಕ್ಕೆಲ್ಲ ಕಾರಣ, ಕನ್ನಡಕದಂಗಡಿಯವನು ಕಂಪ್ಯೂಟರಿನೊಳಗೆ ಮಳೆ ಸುರಿಸಿದ್ದು.

ಅವನಿಗೆ ಊರು ಕಟ್ಟುವ ಆಟದ ಹುಚ್ಚು. ಯಾವುದೋ ಸುಳ್ಳು ಊರು ಕಟ್ಟಿ ಸುಮ್ಮನಿರುತ್ತಿದ್ದರೆ ಪುಣ್ಯ ಬರುತ್ತಿತ್ತು. ಇಲ್ಲ, ತಾನಿರುವ ಬೀದಿಯನ್ನೇ ಕಟ್ಟಬೇಕು! ಉಪಗ್ರಹ ಅಳೆದಿಟ್ಟ ನೆಲದ ಏರುತಗ್ಗಿನ ಲೆಕ್ಕವನ್ನು ಇಳಿಸಿಕೊಂಡ. ಅದರಿಂದ ಒಂದು ಬೂದುಬಣ್ಣದ ಚಿತ್ರ ಮಾಡಿದ. ಬಿಳಿ ಇದ್ದಲ್ಲಿ ದಿಬ್ಬ, ಕಪ್ಪು ಇದ್ದಲ್ಲಿ ತಗ್ಗು. ಅದನ್ನು ಆಟದೊಳಗೆ ತುರುಕಿ, ಮೇಲೆ ರಸ್ತೆ, ಮನೆ, ಗೇಟು ಎಲ್ಲ ಒಂದೊಂದಾಗಿ ಕೂರಿಸಿದ. ಮೂರು ತಿಂಗಳ ರಜೆಗಳು ಇದಕ್ಕೇ ಹೋದವು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಅಂದು ಅಂಗಡಿಗೆ ರಜೆ. ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಮನೆಗೇ ಬಂದ ಎದುರುಮನೆ ಅಕ್ಕನಿಗೆ ಅವನು ಹೆಮ್ಮೆಯಿಂದ ಆಟದಲ್ಲಿ ಮಳೆ ಸುರಿಸಿ ತೋರಿಸಿದ. ನೀರೆಲ್ಲ ಹರಿದು ಹರಿದು ಬೀದಿಯ ಕೊನೆಯಲ್ಲಿ ಎಮ್ಮೆಯ ಹಾಗೆ ಮಲಗಿತು.

"ಅಯ್ಯೋ, ಇದು ನಿಮ್ಮ ಮಾವನ ಗೇಟಲ್ವೇನಪ್ಪಾ?"

"ಹೌದಕ್ಕಾ. ಉಪಗ್ರಹದ ಲೆಕ್ಕ! ಕೂದಲೆಳೆಯಷ್ಟೂ ತಪ್ಪಲ್ಲ."

ಅಕ್ಕ ಪಟ್ಟನೆ ಫೋಟೋ ತೆಗೆದು ಬೀದಿಯ ಗುಂಪಿಗೆ ಹಾಕಿದಳು. ಹಾಕದೆ ಏನು ಮಾಡುತ್ತಾಳೆ? ಮಳೆ ಬಂದರೆ ಬೀದಿಯುದ್ದಕ್ಕೂ ನೀರು ನಿಲ್ಲುತ್ತದೆಂದು, ಇಂಗುಗುಂಡಿ ಎಲ್ಲಿ ತೋಡಬೇಕು ಅಂತ ಗುರುತು ಹಾಕಲು ಇಂಜಿನಿಯರು ಬರುವ ದಿನ ಅದು. ನನ್ನ ಗೇಟಿಗೆ ಬೇಡ, ನಿನ್ನ ಗೇಟಿಗೆ ಇರಲಿ ಎಂದು ಬೀದಿಯೆಲ್ಲ ಎದೆ ಹಿಡಿದುಕೊಂಡು ಕೂತಿತ್ತು. ಫೋಟೋ ಕಂಡದ್ದೇ, ಮಾವನ ಮನೆ ಬಿಟ್ಟು ಉಳಿದ ಎಲ್ಲ ಮನೆಗಳೂ ಉಸಿರು ಬಿಟ್ಟವು.

ಅರ್ಧ ಗಂಟೆಯಲ್ಲಿ ಮಾವನ ಫೋನು. ರೈಲ್ವೆ ಗಾರ್ಡಾಗಿ ನಿವೃತ್ತರಾದ ಅವರ ದನಿಯಲ್ಲಿ ಈಗಲೂ ಸೀಟಿ ಇತ್ತು.

"ಅಳಿಯಂದ್ರೇ, ಯಾರೋ ತೋರಿಸಿದ ನಿಮ್ಮ ಆಟದ ಫೋಟೋ ನಂಬ್ಕೊಂಡು ಇಂಜಿನಿಯರು ಸುಣ್ಣದ ಡಬ್ಬಿ ಹಿಡ್ಕೊಂಡು ನನ್ನ ಗುಲಾಬಿ ಪಾತಿ ಮೇಲೆ ನಿಂತಿದಾನೆ. ಮಗಳನ್ನ ಕೊಟ್ಟಾಯ್ತು, ಇನ್ನು ಗುಲಾಬಿನೂ ಬೇಕೇನು ನಿಮಗೆ?"

ಹೆಂಡತಿ ಹಿಂದೆಯೇ ನಿಂತಿದ್ದಳು. "ರೀ, ನಮ್ಮಪ್ಪನ ಒಂದು ಗಿಡ ಅಲ್ಲಾಡಿದ್ರೂ ನಾನು ಈ ಮನೇಲಿರಲ್ಲ. ನೀವೂ ನಿಮ್ಮ ಊರೂ ಚೆನ್ನಾಗಿರಿ!" ಎಂದವಳೇ ಚಪ್ಪಲಿ ಮೆಟ್ಟಿ ಅಪ್ಪನ ಮನೆಗೆ ಹೊರಟಳು.

ಅವನು ಕಂಪ್ಯೂಟರಿನ ಮುಂದೆ ಕುಸಿದ. ಬೀದಿಯನ್ನು ಹೀಗೆ ನೋಡಿದ, ಹಾಗೆ ನೋಡಿದ. ಆಗ ಕಣ್ಣಿಗೆ ಬಿತ್ತು: ಊರಿನ ನೀರಿನ ಟ್ಯಾಂಕು ಹಳ್ಳದಲ್ಲಿ ಕೂತಿದೆ! ಲೋಕದಲ್ಲಿ ಯಾವ ಮೂರ್ಖ ಟ್ಯಾಂಕನ್ನು ಹಳ್ಳದಲ್ಲಿ ಕಟ್ಟುತ್ತಾನೆ? ಚಿತ್ರವನ್ನೇ ತಲೆಕೆಳಗಾಗಿ ತುರುಕಿದ್ದ. ಉತ್ತರದ ದಿಬ್ಬ ದಕ್ಷಿಣಕ್ಕೆ, ದಕ್ಷಿಣದ ತಗ್ಗು ಉತ್ತರಕ್ಕೆ.

"ಭೇಷ್," ಎಂದು ತನಗೆ ತಾನೇ ಹೇಳಿಕೊಂಡ. "ಊರವರ ಕಣ್ಣೆಲ್ಲ ತಿದ್ತೀಯ. ನಿನ್ನ ಕಣ್ಣಿಗೆ ಯಾರಪ್ಪಾ ಗತಿ?"

ಚಿತ್ರ ತಿರುಗಿಸಿದ, ಮಳೆ ಸುರಿಸಿದ. ನೀರು ಈ ಸಲ ಬೀದಿಯ ಇನ್ನೊಂದು ತುದಿಗೆ ಓಡಿ ಒಂದು ನೀಲಿ ಗೇಟಿನ ಮುಂದೆ ನಿಂತಿತು. ಅದು ಅವನದೇ ಗೇಟು.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ. ಇಲ್ಲಿ ಎರಡು ಕಡೆಯೂ ದರಿಯೇ, ಪುಲಿ ಆಗಲೇ ಚಪ್ಪಲಿ ಮೆಟ್ಟಿ ಹೋಗಿತ್ತು. ಬಾಯಿ ಮುಚ್ಚಿಕೊಂಡರೆ ಗೇಟು ಉಳಿಯುತ್ತದೆ, ಹೆಂಡತಿ ಉಳಿಯುವುದಿಲ್ಲ. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಅವಚಿಕೊಂಡು, ಬರಿಗಾಲಲ್ಲಿ ಬೀದಿಯುದ್ದಕ್ಕೂ ಓಡಿದ.

ಇಂಜಿನಿಯರು ಆಗಲೇ ಜೀಪು ಹತ್ತಿದ್ದ.

"ಸಾರ್, ನಿಲ್ಲಿ! ನಕ್ಷೆ ಉಲ್ಟಾ ಆಗಿತ್ತು! ತಗ್ಗು ಇಲ್ಲಿಲ್ಲ, ನಮ್ಮನೆ ಮುಂದೆ! ತಪ್ಪು ನಂದೇ, ಗುಂಡಿನೂ ನನಗೇ ಇರ್ಲಿ!"

ಇಂಜಿನಿಯರು ಕೆಳಗಿಳಿದು ಪರದೆಯನ್ನೇ ದಿಟ್ಟಿಸಿದ. "ಟ್ಯಾಂಕು ದಿಬ್ಬದ ಮೇಲಿದೆ. ಹಾಂ, ಈಗ ನಂಬಬಹುದು. ನಮ್ಮ ಕಚೇರಿ ನಕ್ಷೆನ ಗೆದ್ದಲು ತಿಂದು ಎರಡು ವರ್ಷ ಆಯ್ತು. ನಡೀರಿ, ಗುರುತು ಹಾಕೋಣ."

ಅವನು ವಿಜಯದ ನಗೆಯಿಂದ ಹೆಂಡತಿಯ ಕಡೆ ತಿರುಗಿದ. ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಅಯ್ಯೋ ನನ್ನ ಕರ್ಮವೇ! ಅದು ಬರೀ ಮಕ್ಕಳಾಟ, ನನ್ನ ಗಂಡನಿಗೆ ತಲೆಬುಡ ಗೊತ್ತಿಲ್ಲ ಅಂತ ಗಂಟಲು ಹರ್ಕೊಂಡು ಈಗ ತಾನೇ ಒಪ್ಪಿಸಿದ್ನಲ್ರೀ! ಈ ಬೀದಿಗೆ ಗುಂಡಿನೇ ಬೇಡ ಅಂತ ಬರ್ಕೊಂಡು ಹೊರಟಿದ್ರು ಸಾಹೇಬ್ರು!"

ಮಾವ ಅಳಿಯನ ಬೆನ್ನು ತಟ್ಟಿದರು. ಅಷ್ಟು ಪ್ರೀತಿಯಿಂದ ಅವರು ತಟ್ಟಿದ್ದು ಅದೇ ಮೊದಲು.

ಬೀದಿಯೆಲ್ಲ ಮೆರವಣಿಗೆ ಹೊರಟು ನೀಲಿ ಗೇಟಿನ ಮುಂದೆ ನೆರೆಯಿತು. ಇಂಜಿನಿಯರು ಬಗ್ಗಿ ಸುಣ್ಣದಲ್ಲಿ ದುಂಡಗೆ ಗೆರೆ ಎಳೆಯತೊಡಗಿದ.

"ಸ್ವಲ್ಪ ದೊಡ್ಡದಾಗೇ ಎಳೀರಿ ಸಾರ್," ಅಂದಳು ಹೆಂಡತಿ. "ಇವರೂ ಹಿಡಿಸ್ಬೇಕು."